ಟೈರಿನ ಪಂಚಮಠ

ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಊರೂರು ಸುತ್ತುವ ಇಬ್ಬರು ಎಲ್ಲಿಯಾದರೂ ಎದುರಾದರೆ ಮೊದಲು ಕುಶಲೋಪರಿ, ಆಮೇಲೆ ಚಹಾ, ಚಹಾದ ಲೋಟ ಕೆಳಗಿಡುವ ಮೊದಲೇ ಟೈರು. ಮಾತು ಟೈರಿಗೆ ಬಂತೋ, ಅಲ್ಲಿಗೆ ಸ್ನೇಹಕ್ಕೆ ಅಲ್ಪವಿರಾಮ. ಸಂಬಳ, ಸಾಲ, ಬೀಗರ ಕೊಂಕು, ಎಲ್ಲದರ ಜೊತೆಗೂ ಹೊಂದಿಕೊಂಡು ಬಾಳುವ ಮನುಷ್ಯ ಟೈರಿನ ವಿಷಯದಲ್ಲಿ ಮಾತ್ರ ಅರ್ಧ ಮಿಲಿಮೀಟರ್ ಬಿಟ್ಟುಕೊಡುವುದಿಲ್ಲ. ಜಾತಿ ಬಿಟ್ಟವರನ್ನು ಕಂಡಿದ್ದೇನೆ, ಪಕ್ಷ ಬಿಟ್ಟವರಿಗಂತೂ ನಮ್ಮಲ್ಲಿ ಬರವಿಲ್ಲ. ತನ್ನ ಟೈರಿನ ಮತ ಬಿಟ್ಟು ಇನ್ನೊಬ್ಬನ ಮತಕ್ಕೆ ಬಂದವನನ್ನು ಮಾತ್ರ ಇನ್ನೂ ಕಂಡಿಲ್ಲ.

ಈ ಮತಭೇದವನ್ನು ಬಳ್ಳಿಗಾವಿಯ ಪಕ್ಕದಲ್ಲಿ ಕೂತು ವಿಚಾರಿಸುವುದರಲ್ಲಿ ಒಂದು ಔಚಿತ್ಯವಿದೆ. ಶಿಕಾರಿಪುರ ತಾಲ್ಲೂಕಿನ ಈ ಊರು ಶಿರಾಳಕೊಪ್ಪದ ಮಗ್ಗುಲಿಗೇ ಇದೆ. ಈಗ ನೋಡಿದರೆ ನಾಲ್ಕು ಬೀದಿಯ ಹಳ್ಳಿ, ಅಂಗಳದಲ್ಲಿ ಮೆಕ್ಕೆಜೋಳದ ರಾಶಿ, ಜಗುಲಿಯ ಮೇಲೆ ಅಡಿಕೆಯ ಮಾತು. ಚಾಲುಕ್ಯರ ಕಾಲಕ್ಕೆ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಊರೊಳಗಿನ ಗಂಡಭೇರುಂಡದ ಕಂಬ ನಿಂತದ್ದು 1047ರಲ್ಲಿ. ಇಲ್ಲಿನ ಶಾಸನಗಳು ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂದು ಐದು ಮಠಗಳನ್ನು ಒಂದೇ ಉಸಿರಿನಲ್ಲಿ ಎಣಿಸುತ್ತವೆ. ಐದು ದರ್ಶನದವರು ಒಂದೇ ಊರಿನ ನೀರು ಕುಡಿದು, ಹಗಲೆಲ್ಲ ವಾದ ಮಾಡಿ, ಸಂಜೆ ತಮ್ಮ ತಮ್ಮ ದೀಪ ಹಚ್ಚಿಕೊಂಡಿದ್ದ ಜಾಗ. ಟೈರಿನ ಲೋಕದಲ್ಲಿಯೂ ಇರುವುದು ಐದೇ ಮಠ. ಒಂದೇ ವ್ಯತ್ಯಾಸವೆಂದರೆ ಇವರಿಗೆ ಶಾಸನ ಹಾಕಿಸುವ ಅರಸರು ಸಿಕ್ಕಿಲ್ಲ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜೆ ಹಾಕಿ ಸೈಕಲ್ಲಿನಲ್ಲಿ ಬಂದಿಳಿದ. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಶಿಕಾರಿಪುರದ ಮೇಲೆ ಸವಾರಿ. ಮುಂದಿನ ದಾರಿ ಬಳ್ಳಿಗಾವಿ, ತಾಳಗುಂದ, ಆನವಟ್ಟಿ, ಬನವಾಸಿ, ಶಿರಸಿ. ಕೊನೆಗೆ ದೇವಿಮನೆ ಘಟ್ಟ ಇಳಿದು ಕುಮಟಾದ ಕಡಲು. ಹಿಂದಿನ ಚಕ್ರದ ಎರಡೂ ಬದಿಗೆ ದೊಡ್ಡ ಚೀಲ, ಮುಂದಿನದಕ್ಕೆ ಎರಡು ಚಿಕ್ಕವು, ಹ್ಯಾಂಡಲ್ಲಿಗೆ ಒಂದು ಕೈಚೀಲ, ಕ್ಯಾರಿಯರ್ ಮೇಲೆ ಸುರುಳಿ ಸುತ್ತಿದ ಡೇರೆ. ಮದುವೆ ಮನೆಗೆ ಹೊರಟ ಪಾತ್ರೆ ಬಾಡಿಗೆಯವರು ಕೂಡ ಇಷ್ಟು ಕಟ್ಟಿರುವುದಿಲ್ಲ. ಕೈಕಾಲು ತೊಳೆದು ಬಂದವನು ಮೊದಲು ಕೇಳಿದ್ದು: “ಮಾವ, ಈ ಟೈರು ಕುಮಟಾ ಮುಟ್ಟತ್ತಾ? ಇಲ್ಲ ಶಿವಮೊಗ್ಗದಿಂದ ಬೇರೆ ತರಿಸಿಬಿಡಲಾ?” ಅವನ ಫೋನಿನಲ್ಲಿ ಆಗಲೇ ಐವರು ಗೆಳೆಯರ ಐದು ತೀರ್ಪು ಬಂದು ಕೂತಿದ್ದವು. ಒಬ್ಬೊಬ್ಬರದನ್ನೂ ಓದಿ ಹೇಳಿದ. ಹಾಗೆ ನಮ್ಮ ಮನೆಯ ಜಗುಲಿಯ ಮೇಲೆ ಪಂಚಮಠದ ಸಭೆ ಕೂಡಿತು.

ಮೊದಲನೆಯದು ದಪ್ಪದ ಮಠ. ಪಂಕ್ಚರ್ ಆಗದಿರುವುದೇ ಮೋಕ್ಷ ಎಂಬುದು ಇವರ ಸಿದ್ಧಾಂತ. ರಸ್ತೆಗೆ ತಾಗುವ ರಬ್ಬರಿಗೂ ಒಳಗಿನ ನೂಲಿನ ಹೆಣಿಗೆಗೂ ನಡುವೆ ಒಂದು ಕಾಪಿನ ಪದರ ಇರಬೇಕು, ಅದು ಎಷ್ಟು ದಪ್ಪವೋ ಅಷ್ಟು ಪುಣ್ಯ. ಜರ್ಮನಿಯ ಶ್ವಾಲ್ಬೆಯವರ ಮ್ಯಾರಥಾನ್ ಪ್ಲಸ್ ಈ ಮಠದ ಪೀಠಾಧಿಪತಿ. ಅದರೊಳಗೆ 5 ಮಿಲಿಮೀಟರ್ ದಪ್ಪದ ಮೆತ್ತನೆಯ ರಬ್ಬರಿನ ಪಟ್ಟಿಯಿದೆ. ಮೊಳೆಯೋ ಗಾಜೋ ಚುಚ್ಚಿದರೂ ಅದರ ತುದಿ ಈ ಪಟ್ಟಿಯಲ್ಲೇ ಹೂತುಕೊಂಡು ಟ್ಯೂಬನ್ನು ಮುಟ್ಟುವುದಿಲ್ಲ. ಕೆಲವರು ರಬ್ಬರಿನ ಬದಲು ಕೆವ್ಲಾರ್ ಪಟ್ಟಿ ಹಾಕುತ್ತಾರೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವಾಲೆಕ್ ಎಂಬಾಕೆ ಕಂಡುಹಿಡಿದ ದಾರ ಅದು, ಗುಂಡು ತಡೆಯುವ ಅಂಗಿಗೂ ಅದನ್ನೇ ಹಾಕುತ್ತಾರೆ. ಪೂರ್ವಕ್ಕೆ ಹಿರೇಕೆರೂರಿನ ಕಡೆಯ ಬಯಲಿಗೆ ಇಳಿದರೆ ಈ ಮಠಕ್ಕೆ ಭಕ್ತರು ಹೆಚ್ಚು. ಅಲ್ಲಿ ಜಾಲಿಯ ಮುಳ್ಳಿದೆ, ನೆಗ್ಗಿಲಿದೆ. ನೆಗ್ಗಿಲು ಹೇಗೆ ಬಿದ್ದರೂ ಅದರ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಸೃಷ್ಟಿಕರ್ತನಿಗೆ ಸೈಕಲ್ಲಿನವರ ಮೇಲೆ ಮೊದಲಿನಿಂದಲೂ ಏನೋ ಸಿಟ್ಟಿದ್ದಿರಬೇಕು.

ದಪ್ಪದವರ ಮಾತಿನಲ್ಲಿ ಸತ್ಯವಿದೆ, ಬೆಲೆಯೂ ಇದೆ. ಇಂಥ ಟೈರು ಒಂದೊಂದೂ ಮುಕ್ಕಾಲು ಕಿಲೋ ಮೀರುತ್ತದೆ. ರಿಮ್ಮಿನಿಂದ ಅದನ್ನು ಬಿಡಿಸುವುದು ಹೆಬ್ಬೆರಳಿನ ಉಗುರಿಗೆ ಕೊಡುವ ಶಿಕ್ಷೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಪಿನ ಪಟ್ಟಿ ಇರುವುದು ನೆಲ ಮುಟ್ಟುವ ಬೆನ್ನಿಗೆ ಮಾತ್ರ, ಪಕ್ಕೆ ಬರಿದು. ಭಾರದ ಸೈಕಲ್ಲಿನ ಟೈರು ಸಾಯುವುದು ಬಹುಪಾಲು ಪಕ್ಕೆಯಲ್ಲಿ. ಜಲ್ಲಿಯ ಚೂಪಂಚು ಅಲ್ಲಿ ಕೊರೆಯುತ್ತದೆ, ಸರಿಯಾಗಿ ಕೂರದ ಬ್ರೇಕಿನ ಕಟ್ಟೆ ಅಲ್ಲಿ ಉಜ್ಜುತ್ತದೆ, ಗಾಳಿ ಕಮ್ಮಿಯಾಗಿ ಮಡಚಿ ಮಡಚಿ ನೂಲು ಅಲ್ಲಿ ಬಿರಿಯುತ್ತದೆ. ಹಿಂದೆ ಡೈನಮೊ ಇದ್ದ ಕಾಲದಲ್ಲಿ ಅದರ ಗಾಲಿ ಉರುಳುತ್ತಿದ್ದುದೂ ಆ ಪಕ್ಕೆಯ ಮೇಲೆಯೇ. ರಾತ್ರಿ ಬೆಳಕು ಬೇಕೆಂದವನು ಟೈರಿನ ಆಯುಷ್ಯದಿಂದ ಎಣ್ಣೆ ಎರೆಯಬೇಕಿತ್ತು.

ಎರಡನೆಯದು ಅಗಲದ ಮಠ. ಇವರು ಲೆಕ್ಕದವರು. ಸವಾರ 70 ಕಿಲೋ, ಸೈಕಲ್ 15, ಸಾಮಾನು 25, ಒಟ್ಟು 110 ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 65 ಕಿಲೋ ಹಿಂದಿನ ಚಕ್ರದ ಮೇಲೆ. ಆ ಟೈರಿನಲ್ಲಿ 60 ಪಿಎಸ್‌ಐ ಗಾಳಿಯಿದ್ದರೆ ಅದು ನೆಲಕ್ಕೆ ಒತ್ತಿಕೊಳ್ಳುವ ಜಾಗ ಹೆಚ್ಚುಕಡಿಮೆ 15 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣ ಅಂಗಾತ ಮಲಗಿದಷ್ಟು. ಮನುಷ್ಯ, ಮನೆ, ಅಡುಗೆ, ಹಾಸಿಗೆ ಎಲ್ಲ ನಿಂತಿರುವುದು ಅಷ್ಟರ ಮೇಲೆ. ಟೈರು ಅಗಲವಾಗಿದ್ದರೆ ಕಡಿಮೆ ಗಾಳಿಯಲ್ಲಿಯೂ ರಿಮ್ಮು ನೆಲದಿಂದ ದೂರ ಉಳಿಯುತ್ತದೆ. ಸಪೂರವಾಗಿದ್ದರೆ ಒಂದು ಗುಂಡಿ ಸಿಕ್ಕಿದರೂ ಸಾಕು, ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಚ್ಚುತ್ತವೆ. ಆಗ ಬೀಳುವ ತೂತು ಎರಡು, ಅಕ್ಕಪಕ್ಕ, ಹಾವಿನ ಹಲ್ಲಿನ ಗುರುತಿನ ಹಾಗೆ. ಅದಕ್ಕೆ ಮುಳ್ಳೂ ಬೇಡ, ಮೊಳೆಯೂ ಬೇಡ, ನಮ್ಮ ಹೊರೆಯೇ ಸಾಕು.

ಫ್ರಾಂಕ್ ಬರ್ಟೊ ಎಂಬ ಅಮೆರಿಕದ ಸೈಕಲ್ ಲೇಖಕ ಟೈರುಗಳನ್ನು ಅಳೆದು ಅಳೆದು ಒಂದು ಸೂತ್ರ ಕೊಟ್ಟ: ಭಾರ ಬಿದ್ದಾಗ ಟೈರು ತನ್ನ ಎತ್ತರದ ಶೇಕಡ 15ರಷ್ಟು ಕುಗ್ಗಬೇಕು. ಕುಗ್ಗದಿದ್ದರೆ ಗಾಳಿ ಹೆಚ್ಚು, ಅದಕ್ಕಿಂತ ಕುಗ್ಗಿದರೆ ಕಡಿಮೆ. ಮುಂದೆ ಭಾರ ಕಡಿಮೆ, ಹಾಗಾಗಿ ಮುಂದಿನ ಚಕ್ರಕ್ಕೆ ಗಾಳಿಯೂ ಕಡಿಮೆ. ಅಳಿಯನ ಎರಡೂ ಚಕ್ರದಲ್ಲಿ ಗಾಳಿ ಒಂದೇ ಸಮ, ಪಕ್ಕೆಯ ಮೇಲೆ ಬರೆದಿದ್ದ ಗರಿಷ್ಠ ಅಂಕಿಯವರೆಗೂ ತುಂಬಿತ್ತು. ಪರೀಕ್ಷೆಯಲ್ಲಿ ಗರಿಷ್ಠ ಅಂಕ ತೆಗೆದೇ ಬೆಳೆದ ಹುಡುಗರು ಗರಿಷ್ಠ ಎಂದು ಎಲ್ಲೇ ಕಂಡರೂ ಅಲ್ಲಿಗೇ ಹೋಗಿ ನಿಲ್ಲುತ್ತಾರೆ.

ಮೂರನೆಯ ಹಗುರದ ಮಠದವರು ಮಾತಿನಲ್ಲೂ ಹಗುರ, ಊಟದಲ್ಲೂ ಹಗುರ. ತೆಳುವಾದ, ಇಂಚಿಗೆ ನೂರಕ್ಕೂ ಮಿಕ್ಕಿ ಎಳೆಗಳಿರುವ ನಯವಾದ ಹೆಣಿಗೆಯ ಟೈರು ಸುಲಭವಾಗಿ ಮಡಚುತ್ತದೆ, ಸುಲಭವಾಗಿ ಉರುಳುತ್ತದೆ, ತುಳಿದವನ ಶಕ್ತಿಯನ್ನು ಕದಿಯುವುದಿಲ್ಲ ಎನ್ನುತ್ತಾರೆ. ನಿಜ. ದಪ್ಪ ರಬ್ಬರು ಪ್ರತಿ ಸುತ್ತಿಗೂ ಮಡಚಿ ಬಿಚ್ಚುವಾಗ ಕಾಲಿನ ಶ್ರಮವನ್ನು ಬಿಸಿಯಾಗಿ ಸುಟ್ಟುಬಿಡುತ್ತದೆ. ರಸ್ತೆಯ ಸೈಕಲ್ಲಿಗೆ ಟ್ರ್ಯಾಕ್ಟರಿನಂಥ ಗಟ್ಟಿಗಟ್ಟಿ ಹಲ್ಲು ಬೇಡ ಎಂಬ ಅವರ ಮಾತನ್ನೂ ಒಪ್ಪುತ್ತೇನೆ. ಕಾರಿನ ಅಗಲ ಟೈರು ಮಳೆನೀರಿನ ಮೇಲೆ ತೇಲಿ ಜಾರೀತು, ಸೈಕಲ್ಲಿನ ಗುಂಡಗಿನ ಸಪೂರ ಟೈರು ನೀರನ್ನು ತಾನೇ ಸೀಳುತ್ತದೆ. ಹಲ್ಲುಗಳ ಸಂದು ಜಲ್ಲಿಯ ಚೂರಿಗೆ ಬಾಡಿಗೆ ಕೋಣೆ, ಅಷ್ಟೆ. ಆದರೆ ಈ ಮಠ ಬೆಳಿಗ್ಗೆ ಹೊರಟು ಮಧ್ಯಾಹ್ನ ಮನೆಗೆ ಬಂದು ಸ್ನಾನ ಮಾಡುವವರದು. ಐದು ಚೀಲದ ಗೃಹಸ್ಥನಿಗೆ ಇಲ್ಲಿ ದೀಕ್ಷೆಯಿಲ್ಲ.

ನಾಲ್ಕನೆಯದು ಅಳತೆಯ ಮಠ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಟೈರು ಎಷ್ಟು ಒಳ್ಳೆಯದು ಎನ್ನುವುದಕ್ಕಿಂತ ಅದು ಹರಿದ ಊರಿನಲ್ಲಿ ಅದರ ಅಣ್ಣನೋ ತಮ್ಮನೋ ಸಿಗುತ್ತಾನೆಯೇ ಎನ್ನುವುದು ಇವರ ಪ್ರಶ್ನೆ. ಕೇಳಲು ಸರಳ, ಒಳಹೊಕ್ಕರೆ ಚಕ್ರವ್ಯೂಹ. ನಮ್ಮ ಅಪ್ಪಂದಿರು ತುಳಿದ ಕಪ್ಪು ಸೈಕಲ್ಲಿನ ಟೈರಿನ ಮೇಲೆ 28 x 1½ ಎಂದು ಬರೆದಿರುತ್ತದೆ. ಅದು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆ 635 ಮಿಲಿಮೀಟರ್. ಅಳಿಯನ ಸೈಕಲ್ಲಿನಂಥ 700ಸಿ ಚಕ್ರದ ಟೈರಿನ ಮೇಲೂ 28 ಎಂದು ಬರೆಯುವುದುಂಟು; ಅದರ ಅಳತೆ 622. ಎರಡಕ್ಕೂ ಹೆಸರು ಇಪ್ಪತ್ತೆಂಟು, ನಡುವೆ 13 ಮಿಲಿಮೀಟರ್. ಒಂದಕ್ಕೆ ಇನ್ನೊಂದು ಏನು ಮಾಡಿದರೂ ಕೂರುವುದಿಲ್ಲ. ಇಪ್ಪತ್ತಾರರ ಕಥೆ ಇನ್ನೂ ಸೊಗಸು. 26 x 1.75 ಎಂದು ದಶಾಂಶದಲ್ಲಿ ಬರೆದದ್ದು 559. 26 x 1¾ ಎಂದು ಭಿನ್ನರಾಶಿಯಲ್ಲಿ ಬರೆದದ್ದು 571. ಗಣಿತದ ಮೇಷ್ಟರು ಎರಡೂ ಒಂದೇ ಎಂದು ಅಂಕ ಕೊಡುತ್ತಾರೆ, ರಿಮ್ಮು ಕೊಡುವುದಿಲ್ಲ. 26 x 1½ ಎಂಬ ಹಳೆಯ ಅಳತೆಯೂ ಈಗಿನ ಹುಡುಗರು ಹೆಮ್ಮೆಯಿಂದ ಹೇಳುವ 27.5 ಎಂಬ ಹೊಸ ಅಳತೆಯೂ ಮಾತ್ರ ಎರಡೂ 584. ಹೆಸರು ಬೇರೆಯಾದರೂ ಒಡಹುಟ್ಟಿದವರು, ಒಬ್ಬರನ್ನೊಬ್ಬರು ಗುರುತಿಸದೆ ಒಂದೇ ಅಂಗಡಿಯ ಗೋಡೆಗೆ ನೇತಾಡುತ್ತಿರುತ್ತಾರೆ.

ಬಳ್ಳಿಗಾವಿಯ ಸುತ್ತಲಿನ ಶಾಸನ ಓದಿದವರಿಗೆ ಈ ಗೊಂದಲ ಹೊಸದೇನಲ್ಲ. ದೇವರಿಗೆ ಇಂತಿಷ್ಟು ಮತ್ತರು ಭೂಮಿ ಬಿಟ್ಟೆವು ಎಂದರೆ ಸಾಲದು, ಅದನ್ನು ಯಾವ ಗಳೆಯಲ್ಲಿ ಅಳೆದದ್ದು ಎಂದೂ ಅಂದಿನವರು ಕಲ್ಲಿನ ಮೇಲೆ ಹೇಳಿಸುತ್ತಿದ್ದರು. ನಾಡಿಗೊಂದು ಗಳೆ, ಊರಿಗೊಂದು ಅಳತೆ. ಆ ಬರಹಗಾರರಿಗೆ ಗೊತ್ತಿದ್ದ ವಿವೇಕ ಇಷ್ಟೆ: ಹೆಸರನ್ನು ನಂಬಬೇಡ, ಗಳೆಯನ್ನು ಕೇಳು. ಟೈರಿನ ಪಕ್ಕೆಯಲ್ಲಿಯೂ ಚಿಕ್ಕ ಅಕ್ಷರದಲ್ಲಿ 40-622 ಎಂದೋ 40-635 ಎಂದೋ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಕೂರುವ ಅಡ್ಡಳತೆ. ಕೊಳ್ಳುವವನು ಓದಬೇಕಾದ ಶಾಸನ ಅದೊಂದೇ.

ಊರಿನ ಅಂಗಡಿಯಲ್ಲಿ ಯಾವ ಟೈರು ಸಿಗುತ್ತದೆ ಎನ್ನುವುದನ್ನು ನಿರ್ಧರಿಸುವವರು ನಮ್ಮಂಥ ತಿರುಗಾಡಿಗಳಲ್ಲ, ಶಾಲೆಗೆ ಹೋಗುವ ಮಕ್ಕಳು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಆಗ ಹಣಕಾಸು ಖಾತೆ ಇದ್ದದ್ದು ಬಿ. ಎಸ್. ಯಡಿಯೂರಪ್ಪನವರ ಕೈಯಲ್ಲಿ, ಅವರು ಆಗ ಇದೇ ಶಿಕಾರಿಪುರದ ಶಾಸಕರಾಗಿದ್ದರು. ಬೆಳಗಿನ ಹೊತ್ತು ಈ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ನೋಟ ಆಗ ಬಂದದ್ದು. ಅವರ ಬೆನ್ನಿಗೇ ಸಂತೆ ಊರಿನ ಸೈಕಲ್ ಶಾಪುಗಳಿಗೆ ಆ ಅಳತೆಯ ಟೈರು, ಟ್ಯೂಬು, ಬ್ರೇಕಿನ ಕಟ್ಟೆ ಬಂದವು. ಹತ್ತು ಸಾವಿರ ಕಿಲೋಮೀಟರ್ ಬಾಳುವ ವಿದೇಶಿ ಟೈರು ಆನವಟ್ಟಿಯಲ್ಲಿ ಸೀಳಿದರೆ ಅದು ಆನವಟ್ಟಿಯವರೆಗೆ ಬಾಳಿತು, ಅಷ್ಟೆ. ಶಾಲಾ ಹುಡುಗಿಯ ಟೈರು ಎಲ್ಲಿ ಸೀಳಿದರೂ ಅಂದೇ ಸಂಜೆ ಹೊಸ ಜನ್ಮ ಪಡೆಯುತ್ತದೆ. ಗಾಳಿಯ ವಿಷಯದಲ್ಲಿಯೂ ಹಾಗೇ: ದುಬಾರಿ ಸೈಕಲ್ಲುಗಳ ಸಪೂರ ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಪಂಪು ಕಚ್ಚುವುದಿಲ್ಲ. ನಾಲ್ಕಾಣೆ ತೂಕದ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಊರೂರಿನ ಪಂಪೂ ನೆಂಟ.

ಐದನೆಯದು ತೇಪೆಯ ಮಠ. ಇದರ ಗುರುಗಳು ಶಿರಾಳಕೊಪ್ಪದಲ್ಲಿ ತಗಡಿನ ಮಾಡಿನ ಕೆಳಗೆ, ನೀರು ತುಂಬಿದ ಕಬ್ಬಿಣದ ಬಾಂಡಲಿಯ ಮುಂದೆ ಕೂತಿರುತ್ತಾರೆ. ಅಳಿಯನನ್ನು ಅಲ್ಲಿಗೂ ಕರೆದುಕೊಂಡು ಹೋದೆ. ಅವರು ಸೈಕಲ್ಲನ್ನು ಒಮ್ಮೆ ಸುತ್ತು ಬಂದು, ಹಿಂದಿನ ಟೈರನ್ನು ಬೆರಳಲ್ಲಿ ಒತ್ತಿ ನೋಡಿದರು.

“ಏನ್ ಹೊತ್ಕೊಂಡು ಹೊಂಟೀರಿ ತಮ್ಮಾ?”

“ಬಟ್ಟೆ, ಡೇರೆ, ಒಲೆ, ಪಾತ್ರೆ…”

“ಮನಿಯಾಗ ಜಗಳ ಏನೂ ಇಲ್ಲಲ್ಲ?”

ಅಳಿಯ ನಕ್ಕ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡ ಒಬ್ಬರು ಗಾಳಿ ಹೊಡೆಸಲು ಬಂದರು. ತುಂಬಿದ ಸಿಲಿಂಡರ್ ಎಂದರೆ ಒಳಗಿನ ಅನಿಲ 14.2 ಕಿಲೋ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಸುಮಾರು ಮೂವತ್ತು ಕಿಲೋ. ಕಪ್ಪು ಸೈಕಲ್ಲು, ಇಪ್ಪತ್ತೆಂಟರ ಟೈರು, ಪಕ್ಕೆಯಲ್ಲಿ ಎರಡು ಕಡೆ ಬಿರುಕು, ಒಂದು ಕಡೆ ಒಳಗಿನಿಂದ ಹಳೆ ಟೈರಿನ ತುಂಡು ಕೊಟ್ಟು ಕೂರಿಸಿದ ಗುರುತು. ಗಾಳಿ ಹೊಡೆಸಿಕೊಂಡು, ಟೈರನ್ನು ಕಣ್ಣೆತ್ತಿಯೂ ನೋಡದೆ ಹೊರಟುಹೋದರು. ಭಾರದ ಸೈಕಲ್ ಪ್ರವಾಸ ಹೊರದೇಶದಿಂದ ಬಂದ ವಿದ್ಯೆ ಎಂದುಕೊಂಡವರು ನಮ್ಮ ರಸ್ತೆಗಳನ್ನು ನೋಡಿಲ್ಲ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಬುಟ್ಟಿ ಮೀನು, ಅಕ್ಕಿ ಮೂಟೆ, ಹಿಂದೆ ಹೆಂಡತಿ, ಬಾರಿನ ಮೇಲೆ ಮಗು. ಇವರೆಲ್ಲ ದಿನವೂ ಹೊರೆಹೊತ್ತ ಯಾತ್ರಿಕರೇ. ಮನೆ ಮುಟ್ಟಿದಾಗ ಯಾರೂ ಫೋಟೋ ತೆಗೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಗುರುಗಳ ಉಪದೇಶದಲ್ಲಿ ಮೂರು ಸೂತ್ರ. ಒಂದು, “ಮುಳ್ಳು ತೆಗೀದೆ ಪಂಚರ್ ಹಾಕಿದ್ರೆ ನಮಗೆ ಲಾಭ, ನಿಮಗಲ್ಲ.” ಟ್ಯೂಬಿನ ತೂತು ಸಿಕ್ಕಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಕಳ್ಳನನ್ನು ಹಿಡಿಯಬೇಕು. ಈಚೆಗೆ ಕಳ್ಳ ಬಹುಪಾಲು ಮುಳ್ಳಲ್ಲ. ಲಾರಿಯ ಸಿಡಿದ ಟೈರಿನಿಂದ ಉದುರಿದ ಕೂದಲೆಳೆಯ ಉಕ್ಕಿನ ತಂತಿ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಟೈರಿನ ಮೇಲಿನ ಕಂಪನಿ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿದ್ದರೆ, ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನೊಳಗಿನ ಕಳ್ಳನೂ ಅಷ್ಟೇ ದೂರದಲ್ಲಿ ಸಿಗುತ್ತಾನೆ. ಎರಡು, ಸಂಜೆ ಸೈಕಲ್ ನಿಲ್ಲಿಸಿದಾಗ ಟೈರು ತಿರುಗಿಸಿ ನೋಡಿ ಹರಳು, ಗಾಜು ಹೆಕ್ಕಬೇಕು. ಚಕ್ರ ಕಿಲೋಮೀಟರಿಗೆ ಸುಮಾರು 460 ಸುತ್ತು ಸುತ್ತುತ್ತದೆ. ಬೆಳಿಗ್ಗೆ ಚರ್ಮಕ್ಕೆ ಅಂಟಿದ ಗಾಜಿನ ಚೂರನ್ನು ಸಂಜೆಯೊಳಗೆ ಸಾವಿರಾರು ಸಲ ಸುತ್ತಿಗೆಯಲ್ಲಿ ಹೊಡೆದು ಒಳಕ್ಕಿಳಿಸುವವರು ನಾವೇ. ಮಳೆಗಾಲದಲ್ಲಿ ಇದು ಇನ್ನೂ ಬೇಗ, ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ. ಮೂರು, “ಹೊಸಾದು ಮುಂದಕ್ಕ, ಮುಂದಿಂದು ಹಿಂದಕ್ಕ.” ಹಿಂದಿನದು ಬೇಗ ಸವೆಯುತ್ತದೆ. ಸವೆದದ್ದು ಹಿಂದೆ ಒಡೆದರೆ ಸೈಕಲ್ ಓಲಾಡುತ್ತದೆ, ಮುಂದೆ ಒಡೆದರೆ ಮನುಷ್ಯ ಬೀಳುತ್ತಾನೆ.

ಈ ಮಠದ ಅನುಯಾಯಿಗಳಿಗೆ ಟೈರಿನ ಸಾವಿನಲ್ಲಿ ನಂಬಿಕೆಯೇ ಇಲ್ಲ. ರಸ್ತೆಯಲ್ಲಿ ತೀರಿಕೊಂಡದ್ದು ಹುಡುಗರ ಕೈಯಲ್ಲಿ ಕೋಲಿನ ಪೆಟ್ಟು ತಿನ್ನುತ್ತ ಊರೆಲ್ಲ ಉರುಳುತ್ತದೆ. ಅವರಿಗೂ ಬೇಸರವಾದ ಮೇಲೆ ತಗಡಿನ ಮಾಡು ಹಾರದಂತೆ ಮೇಲೆ ಕೂರುತ್ತದೆ, ತೋಟದ ಉಣಗೋಲಿಗೆ ಕೀಲಾಗುತ್ತದೆ. ಟ್ಯೂಬು ಕವಣೆಯ ಪಟ್ಟಿಯಾಗಿ, ಕ್ಯಾರಿಯರ್ ಮೇಲೆ ಸಾಮಾನು ಬಿಗಿಯುವ ಹಗ್ಗವಾಗಿ ಮರಳಿ ಸೈಕಲ್ಲಿಗೇ ಬರುತ್ತದೆ. ಬಾಳಿಕೆ ಎಂದರೆ ಎಷ್ಟು ಸಾವಿರ ಕಿಲೋಮೀಟರ್ ಎಂದು ಕೇಳುವವರು ಈ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಪಂಕ್ಚರನ್ನು ಬುಡಸಹಿತ ಕಿತ್ತುಹಾಕುವ ದಾರಿಯೊಂದು ಮೊದಲಿನಿಂದಲೂ ಇತ್ತು: ಗಾಳಿಯನ್ನೇ ಬಿಟ್ಟುಬಿಡುವುದು. ಥಾಮಸ್ ಸ್ಟೀವನ್ಸ್ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 1886ರಲ್ಲಿ ಜಪಾನ್ ಸೇರಿದ್ದು ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರದ, ಗಟ್ಟಿ ರಬ್ಬರಿನ ಸೈಕಲ್ಲಿನಲ್ಲಿ. ನಡುವೆ ಉತ್ತರ ಭಾರತವನ್ನೂ ಹಾದುಹೋದ. ಅವನಿಗೆ ಪಂಕ್ಚರ್ ಎಂದರೆ ಏನೆಂದೇ ಗೊತ್ತಿರಲಿಲ್ಲ, ಮೂಳೆಗಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ನೋಡಲಾರದೆ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅಂದಿನಿಂದ ಮನುಷ್ಯ ಸುಖಕ್ಕಾಗಿ ತೂತಿನ ಭಯವನ್ನು ಒಪ್ಪಿಕೊಂಡಿದ್ದಾನೆ. 1923ರಲ್ಲಿ ಬೊಂಬಾಯಿಯಿಂದ ಸೈಕಲ್ಲೇರಿ ಹೊರಟ ಪಾರಸಿ ತರುಣರಲ್ಲಿ ಮೂವರು, ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗಾರಾ, 44,000 ಮೈಲಿ ಸುತ್ತಿ 1928ರಲ್ಲಿ ಊರಿಗೆ ಮರಳಿದರು. ಅವರ ಕಾಲಕ್ಕೆ ಕೆವ್ಲಾರೂ ಇರಲಿಲ್ಲ, 5 ಮಿಲಿಮೀಟರಿನ ಪಟ್ಟಿಯೂ ಇರಲಿಲ್ಲ. ತೇಪೆಯ ಮಠಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮರುದಿನ ಅಳಿಯನೊಂದಿಗೆ ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಹೋದೆ. ಮೂರು ಗರ್ಭಗುಡಿಯ ದೇವಸ್ಥಾನ, ಬಳಪದ ಕಲ್ಲಿನ ಕೆಲಸ. ಬೇಲೂರಿನಲ್ಲಿ ಶಿಲ್ಪ ಕಡೆದ ದಾಸೋಜ, ಚಾವಣರು ಇದೇ ಬಳ್ಳಿಗಾವಿಯವರು. ಉಳಿ ಚಾಣ ಕಟ್ಟಿಕೊಂಡು ಅಷ್ಟು ದೂರ ಹೋಗಿದ್ದವರು. ಈ ದೇವಸ್ಥಾನಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಯ ಮಠ ಒಂದು ಕಾಲದ ದೊಡ್ಡ ವಿದ್ಯಾಪೀಠ. 1162ರ ಶಾಸನ ಅಲ್ಲಿ ನಾಲ್ಕು ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ನಾಟಕಗಳ ಓದು ನಡೆಯುತ್ತಿತ್ತೆಂದು ಹೇಳುತ್ತದೆ. ಓದಿನ ಪಟ್ಟಿ ಮುಗಿದ ಮೇಲೆ ಬರುವ ಮಾತು ನನಗೆ ಇನ್ನೂ ದೊಡ್ಡದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಯಾವ ಮತದ ಭಿಕ್ಷುವೇ ಆಗಲಿ, ಬಂದವರಿಗೆಲ್ಲ ಅಲ್ಲಿ ಅನ್ನ ಸಿಗುತ್ತಿತ್ತು. ಕಾಯಿಲೆಯವರಿಗೆ ಔಷಧ ಸಿಗುತ್ತಿತ್ತು, ಹೆದರಿ ಬಂದವರಿಗೆ ಆಸರೆಯಿತ್ತು.

ಟೈರಿನ ಐದೂ ಮಠ ಮಾತಾಡದೆ ಬಿಟ್ಟ ವಿಷಯ ಇಲ್ಲಿದೆ. ದಾರಿಯಲ್ಲಿ ಅನ್ನವಿದೆ ಎಂದು ಗೊತ್ತಿದ್ದವನು ಅಕ್ಕಿ ಹೊರುವುದಿಲ್ಲ. ಮಲಗಲು ಜಾಗ ಸಿಗುತ್ತದೆ ಎಂದು ಗೊತ್ತಿದ್ದವನು ಮನೆ ಹೊರುವುದಿಲ್ಲ. ಇದೇ ಬಳ್ಳಿಗಾವಿಯ ಶಾಸನದಲ್ಲಿ ಅಯ್ಯಾವೊಳೆಯ ವರ್ತಕರ ವರ್ಣನೆಯೂ ಇದೆ. ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ದೇಶದೇಶ ಸುತ್ತಿದವರು. ಹೊರೆಯೇ ಅವರ ಬದುಕು, ಹೊರಲೇಬೇಕಿತ್ತು. ಹತ್ತಿರದ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಹೋದದ್ದು ಏನೂ ಹೊರದೆ. ಪ್ರವಾಸಿಗ ಮಾತ್ರ ವರ್ತಕನೂ ಅಲ್ಲ, ಶರಣನೂ ಅಲ್ಲ. ಮಾರಲು ಏನೂ ಇಲ್ಲದಿದ್ದರೂ ಹೊರುತ್ತಾನೆ. ಯಾಕೆಂದರೆ ಅವನಿಗೆ ದಾರಿಯ ಮೇಲೆ ನಂಬಿಕೆಯಿಲ್ಲ. ಅವನ ಚೀಲದಲ್ಲಿರುವುದು ಬಹುಪಾಲು ಅನುಮಾನ: ಊಟ ಸಿಗದಿದ್ದರೆ ಎಂದು ಒಲೆ, ಕೋಣೆ ಸಿಗದಿದ್ದರೆ ಎಂದು ಡೇರೆ, ಒಣಗದಿದ್ದರೆ ಎಂದು ಇನ್ನೊಂದು ಜೊತೆ ಬಟ್ಟೆ. ಆ ಅನುಮಾನದ ತೂಕವನ್ನೆಲ್ಲ ಹೊರುವುದು ಹಿಂದಿನ ಟೈರು.

ಹಿಮಾಲಯದ ಆಚೆಗೋ ಮರುಭೂಮಿಗೋ ಹೊರಟವನಿಗೆ ಡೇರೆ ಬೇಕು, ಒಪ್ಪೋಣ. ಶಿರಾಳಕೊಪ್ಪದಿಂದ ಕುಮಟಾಕ್ಕೆ ಹೊರಟವನಿಗೆ? ಆನವಟ್ಟಿಯಲ್ಲಿ ಇಡ್ಲಿಯಿದೆ, ಬನವಾಸಿಯಲ್ಲಿ ಅನಾನಸ್ ಇದೆ, ಶಿರಸಿಯಲ್ಲಿ ಮಾರಿಕಾಂಬೆಯಿದ್ದಾಳೆ, ಲಾಡ್ಜುಗಳಿವೆ. ಕತ್ತಲಾದರೆ ಹಳ್ಳಿಯ ಶಾಲೆಯ ಜಗುಲಿಯಿದೆ, ಕೇಳುವ ಬಾಯಿಯೊಂದಿದ್ದರೆ ಸಾಕು. ಚೀಲಗಳನ್ನು ಪರಿಚಯದ ಮಂಡಿಯ ತಕ್ಕಡಿಗೆ ಹಾಕಿಸಿದೆ, ಇಪ್ಪತ್ತೈದರ ಹತ್ತಿರ ಬಂತು. ಡೇರೆ, ಒಲೆ, ಪಾತ್ರೆ, ಮೂರನೆಯ ಜೊತೆ ಬಟ್ಟೆ, ಓದಲೆಂದು ತಂದ ದಪ್ಪ ಪುಸ್ತಕ ನಮ್ಮ ಅಟ್ಟಕ್ಕೆ ಹೋದವು. ಮತ್ತೆ ತೂಗಿದಾಗ ಹನ್ನೆರಡಕ್ಕೆ ಇಳಿದಿತ್ತು. “ಪುಸ್ತಕ ಮಾತ್ರ ಬೇಕಿತ್ತು ಮಾವ” ಎಂದು ಗೊಣಗಿದ. ಕುಮಟಾದವರೆಗಿನ ದಾರಿಯೇ ಓದಿ ಮುಗಿಯದಷ್ಟಿದೆ ಎಂದೆ.

ಟೈರಿನ ತೀರ್ಪೂ ಅದರ ಬೆನ್ನಿಗೇ ಹಗುರವಾಯಿತು. ಸೈಕಲ್ಲಿನ ಚೌಕಟ್ಟಿನಲ್ಲಿ ಹಿಡಿಸುವಷ್ಟು ಅಗಲ, ಅಂದರೆ 40ರ ಆಸುಪಾಸು. ಬೆನ್ನಿಗೆ ಮಧ್ಯಮ ದಪ್ಪದ ಕಾಪಿನ ಪಟ್ಟಿ. ಹೆಚ್ಚು ಹಲ್ಲಿಲ್ಲದ ಮೈ. ಅಂಚಿನಲ್ಲಿ ಉಕ್ಕಿನ ತಂತಿ. ಹಿಂದೆ 55, ಮುಂದೆ 45 ಪಿಎಸ್‌ಐ ಸಾಕು. ಅವನ 622ರ ಅಳತೆ ಘಟ್ಟದ ಹಳ್ಳಿಗಳಲ್ಲಿ ಸಿಗುವುದು ಕಷ್ಟ, ಹಾಗಾಗಿ ಮಡಚುವ ಒಂದು ಟೈರು ಚೀಲದ ತಳಕ್ಕೆ. ಎರಡು ಟ್ಯೂಬು, ಸಲ್ಯೂಷನ್, ಪ್ಯಾಚು, ಪಕ್ಕೆ ಸೀಳಿದರೆ ಒಳಗೆ ಕೊಡಲು ಅಂಗೈಯಗಲದ ಹಳೆ ಟೈರಿನ ತುಂಡು. ಕೊನೆಯದನ್ನು ಶಿರಾಳಕೊಪ್ಪದ ಗುರುಗಳು ದುಡ್ಡು ತೆಗೆದುಕೊಳ್ಳದೆ ಕತ್ತರಿಸಿ ಕೊಟ್ಟರು. ದೇವಿಮನೆ ಘಟ್ಟದಲ್ಲಿ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿಯಬೇಡ, ರಿಮ್ಮು ಕಾದು ಟ್ಯೂಬು ಸಿಡಿಯುತ್ತದೆ, ತಿರುವಿಗೊಮ್ಮೆ ಒತ್ತಿ ಬಿಡು ಎಂಬ ಮಾತೂ ಅವರದೇ. ಭಾರ ಅರ್ಧವಾದ ಮೇಲೆ ಆ ಭಯವೂ ಅರ್ಧ.

ಐದು ಮಠದಲ್ಲಿ ಯಾವುದನ್ನೂ ನಾನು ಅಲ್ಲಗಳೆಯಲಾರೆ. ದಪ್ಪ, ಅಗಲ, ಹಗುರ, ಅಳತೆ, ತೇಪೆ, ಎಲ್ಲಕ್ಕೂ ತಮ್ಮ ತಮ್ಮ ಸತ್ಯವಿದೆ. ಬಳ್ಳಿಗಾವಿಯಂಥ ಊರಿನ ಪಕ್ಕ ಇದ್ದುಕೊಂಡು ಒಂದೇ ಮತ ಸರಿ ಎಂದರೆ ಕಲ್ಲುಗಳೂ ನಕ್ಕಾವು. ಆದರೆ ಈಗ ಯಾರಾದರೂ ದೂರ ಹೊರಟಿದ್ದೇನೆ, ಬಾಳಿಕೆ ಬರುವ ಟೈರು ಯಾವುದು ಹೇಳಿ ಎಂದು ಬಂದರೆ ನಾನು ಟೈರಿನ ಕಡೆ ನೋಡುವುದೇ ಇಲ್ಲ. ಮೊದಲು ಚೀಲ ಬಿಚ್ಚಿಸುತ್ತೇನೆ. ಬಿಚ್ಚಲು ಒಪ್ಪಿದವರಿಗೆ ಯಾವ ಟೈರಾದರೂ ನಡೆದೀತು. ಒಪ್ಪದವರಿಗೆ ಮ್ಯಾರಥಾನ್ ಪ್ಲಸ್ಸೇ ಗತಿ, ಜೊತೆಗೆ ಗಟ್ಟಿ ಮಂಡಿಯೂ ಇರಲಿ ಎಂದು ಹಾರೈಸುತ್ತೇನೆ.